ಬಾಡಿಗೆ ಕೊಡದವರಿಂದ ಮನೆ ಬಿಡಿಸಿಕೊಳ್ಳುವುದು: ನೋಟಿಸಿನಿಂದ ಕೋರ್ಟಿನ ಅಮೀನರವರೆಗೆ

ಬಾಡಿಗೆ ಏಳು ತಿಂಗಳಿಂದ ಬಂದಿಲ್ಲ ಎನ್ನುವುದು ಮಾಲೀಕರ ಸಂಕಟ. ಅದನ್ನೇ ಕೇಸು ಅಂದುಕೊಂಡು ಕೋರ್ಟಿಗೆ ಹೋಗುವವರು ಬಹಳ ಮಂದಿ. ಆದರೆ ಕರ್ನಾಟಕದ ನಗರಗಳಲ್ಲಿ ಇವತ್ತು ಬಾಡಿಗೆಗೆ ಹೋಗುವ ಹೆಚ್ಚಿನ ಮನೆಗಳ ವಿಷಯದಲ್ಲಿ ನ್ಯಾಯಾಧೀಶರು ಮೊದಲು ನೋಡುವುದು ಬಾಕಿ ಎಷ್ಟು ಎಂಬುದನ್ನಲ್ಲ. ಬಾಡಿಗೆ ಸಂಬಂಧ ಮುಗಿದಿದೆಯೇ, ಯಾವತ್ತು ಮುಗಿಯಿತು, ಸರಿಯಾಗಿ ಮುಗಿಸಿದ್ದೀರಾ ಎಂಬುದನ್ನು. ಬಾಕಿ ಹಣ ಅದರ ಬೆನ್ನಿಗೆ ಬರುವ ಇನ್ನೊಂದು ಬೇಡಿಕೆ. ಇದು ಮನಸ್ಸಿನಲ್ಲಿದ್ದರೆ ಮುಂದಿನ ಹೆಜ್ಜೆಗಳಲ್ಲಿ ಯಾವುದು ಮುಖ್ಯ, ಯಾವುದು ಬರೀ ಗದ್ದಲ ಎಂದು ತಾನಾಗಿ ತಿಳಿಯುತ್ತದೆ.

ಯಾವ ಕಾಯ್ದೆಗೆ ಸೇರುತ್ತೀರಿ?

ದಾರಿ ಎರಡಿವೆ. ಕರ್ನಾಟಕ ಬಾಡಿಗೆ ಅಧಿನಿಯಮ 1999 ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಅದು ಎಲ್ಲ ಕಟ್ಟಡಗಳಿಗೂ ಅನ್ವಯಿಸುವುದಿಲ್ಲ. ಮೊದಲ ಅನುಸೂಚಿಯ 'ಎ' ಭಾಗದಲ್ಲಿ ಹೆಸರಿಸಿದ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂ. ಮೀರಿದರೆ, ಬೇರೆ ಪ್ರದೇಶಗಳಲ್ಲಿ 2,000 ರೂ. ಮೀರಿದರೆ ಆ ಕಾಯ್ದೆಯ ರಕ್ಷಣೆ ಬಾಡಿಗೆದಾರರಿಗೆ ಸಿಗುವುದಿಲ್ಲ. ವ್ಯಾಪಾರದ ಮಳಿಗೆಯಾದರೆ ವಿಸ್ತೀರ್ಣ 14 ಚದರ ಮೀಟರಿಗಿಂತ ಹೆಚ್ಚಿದ್ದರೂ ಅಷ್ಟೇ. ಬೆಂಗಳೂರಿನಲ್ಲಿ 3,500 ರೂಪಾಯಿಗೆ ಈಗ ಮನೆ ಸಿಗುವುದು ಎಲ್ಲಿ? ಹಳೇ ಪೇಟೆಯಲ್ಲಿ ದಶಕಗಳಿಂದ ಇರುವ ಬಾಡಿಗೆದಾರರು, ಸಣ್ಣ ಊರಿನ ಮನೆಗಳು, ಪುಟ್ಟ ಅಂಗಡಿಗಳು ಬಿಟ್ಟರೆ ಉಳಿದವರೆಲ್ಲ ಸ್ವತ್ತು ವರ್ಗಾವಣೆ ಅಧಿನಿಯಮ 1882ರ ಕೆಳಗೆ ಬರುತ್ತಾರೆ.

ಎರಡಕ್ಕೂ ನಡುವಿನ ವ್ಯತ್ಯಾಸ ದೊಡ್ಡದು. ಬಾಡಿಗೆ ಅಧಿನಿಯಮದಲ್ಲಿ ಮನೆ ಬಿಡಿಸಲು ಕಾಯ್ದೆ ಹೇಳಿದ ಕಾರಣಗಳಲ್ಲಿ ಒಂದಾದರೂ ಇರಬೇಕು. ಬಾಕಿ ಬಾಡಿಗೆ ಕಲಂ 27(2)(ಎ)ಯಲ್ಲಿರುವ ಕಾರಣ: ತಗಾದೆ ನೋಟಿಸು ತಲುಪಿದ ಮೇಲೆ ಎರಡು ತಿಂಗಳೊಳಗೆ ಪೂರ್ತಿ ಬಾಕಿ ಕೊಡದಿದ್ದರೆ ಮಾತ್ರ ಅರ್ಜಿ ಹಾಕಬಹುದು. ಸ್ವತ್ತು ವರ್ಗಾವಣೆ ಅಧಿನಿಯಮದಲ್ಲಿ ತಿಂಗಳ ಬಾಡಿಗೆದಾರರನ್ನು ಬಿಡಿಸಲು ಕಾರಣವೇ ಬೇಕಿಲ್ಲ. ಕಲಂ 106ರಂತೆ 15 ದಿನಗಳ ನೋಟಿಸು ಕೊಟ್ಟು ಸಂಬಂಧ ಮುಗಿಸಿದರೆ ಸಾಕು. ಅವರು ಬಾಕಿ ಉಳಿಸಿದ್ದಾರೋ ಇಲ್ಲವೋ ಎಂಬುದು ಮನೆ ಬಿಡಿಸುವ ಪ್ರಶ್ನೆಗೆ ಅಗತ್ಯವೇ ಅಲ್ಲ.

'ಲೀಸಿಗೆ ಹಾಕುವುದು' ಎಂದು ನಾವು ಕರೆಯುವ ವ್ಯವಹಾರ ಬೇರೆ. ಹತ್ತೋ ಇಪ್ಪತ್ತೋ ಲಕ್ಷ ಒಟ್ಟಿಗೆ ಇಸಿದುಕೊಂಡು, ತಿಂಗಳ ಬಾಡಿಗೆ ಇಲ್ಲದೆ ಮನೆ ಬಿಟ್ಟುಕೊಟ್ಟಿದ್ದರೆ ಅದು ಎಷ್ಟೋ ಸಲ ಕಾನೂನಿನ ಕಣ್ಣಿಗೆ ಭೋಗ್ಯವಾಗಿ ಕಾಣುತ್ತದೆ. ಅಲ್ಲಿ ಬಾಕಿ ಬಾಡಿಗೆಯ ಮಾತೇ ಬರುವುದಿಲ್ಲ; ಈ ಲೇಖನದ ದಾರಿ ಅದಕ್ಕೆ ಹೊಂದುವುದಿಲ್ಲ.

ಕರಾರು ಪತ್ರವನ್ನು ಮೊದಲು ಓದಿ

ನೋಟಿಸು ಬರೆಸುವ ಮುಂಚೆ ಕರಾರು ಪತ್ರದಲ್ಲಿ ಮೂರು ವಿಷಯ ನೋಡಿ: ಅವಧಿ, ನೋಂದಣಿ, ಮುದ್ರಾಂಕ ಶುಲ್ಕ.

11 ತಿಂಗಳ ಕರಾರು ಮುಗಿದ ಮೇಲೂ ಬಾಡಿಗೆ ಪಡೆಯುತ್ತ ಬಂದಿದ್ದರೆ ಅದು ಸ್ವತ್ತು ವರ್ಗಾವಣೆ ಅಧಿನಿಯಮದ ಕಲಂ 116ರ ಪ್ರಕಾರ ತಿಂಗಳಿಂದ ತಿಂಗಳಿಗೆ ಮುಂದುವರಿದ ಬಾಡಿಗೆ. ಅದನ್ನು ಮುಗಿಸಲು 15 ದಿನಗಳ ನೋಟಿಸು ಬೇಕು. ಕರಾರು ಮುಗಿದು, ಆಮೇಲೆ ಒಂದು ರೂಪಾಯಿಯನ್ನೂ ಪಡೆಯದಿದ್ದರೆ ಅವಧಿ ಮುಗಿದದ್ದರಿಂದಲೇ ಬಾಡಿಗೆ ಕೊನೆಗೊಂಡಿರುತ್ತದೆ, ನೋಟಿಸು ಕಡ್ಡಾಯವಲ್ಲ. ಆದರೂ ಕೊಡಿ. ಖರ್ಚು ಕಡಿಮೆ, ಮುಂದೆ ಒಂದು ತಕರಾರು ತಪ್ಪುತ್ತದೆ.

ಮೂರು ವರ್ಷಕ್ಕೆಂದು ಬರೆದು ನೋಂದಣಿ ಮಾಡಿಸದ ಕರಾರುಗಳು ಮನೆಮನೆಯಲ್ಲೂ ಇವೆ. ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರು ಕಲಂ 107ರಂತೆ ನೋಂದಣಿ ಆಗಲೇಬೇಕು. ಆಗದಿದ್ದರೆ ಆ ಮೂರು ವರ್ಷದ ಷರತ್ತನ್ನು ಯಾರೂ ಸಾಕ್ಷ್ಯವಾಗಿ ಬಳಸುವಂತಿಲ್ಲ. ವಾಸದ ಮನೆಯಾದರೆ ಬಾಡಿಗೆ ತಿಂಗಳದ್ದು ಎಂದೇ ಲೆಕ್ಕ. ಇಲ್ಲಿ ಅದು ಮಾಲೀಕರಿಗೆ ಅನುಕೂಲ.

ನೋಂದಣಿಯಾದ ದೀರ್ಘಾವಧಿ ಕರಾರು ಇನ್ನೂ ಚಾಲ್ತಿಯಲ್ಲಿದ್ದರೆ ಮಾತ್ರ ಕಷ್ಟ. ಆಗ 106ರ ನೋಟಿಸು ನಡೆಯುವುದಿಲ್ಲ. ಬಾಡಿಗೆ ಕೊಡದಿದ್ದರೆ ಮಾಲೀಕರು ಸ್ವತ್ತನ್ನು ವಾಪಸು ಪಡೆಯಬಹುದೆಂಬ ಸ್ಪಷ್ಟ ಷರತ್ತು ಪತ್ರದಲ್ಲಿರಬೇಕು. ಕಲಂ 111(ಜಿ)ಯಂತೆ ಬಾಡಿಗೆ ಹಕ್ಕು ಮುಟ್ಟುಗೋಲಾಗಿದೆ ಎಂದು ಲಿಖಿತವಾಗಿ ತಿಳಿಸಬೇಕು. ಆ ದಾರಿಯಲ್ಲಿ ಹೋದರೆ ಕಲಂ 114 ಎದುರಾಗುತ್ತದೆ. ದಾವೆಯ ವಿಚಾರಣೆಯಲ್ಲಿ ಬಾಡಿಗೆದಾರರು ಬಾಕಿ, ಬಡ್ಡಿ, ದಾವೆ ಖರ್ಚು ಎಲ್ಲವನ್ನೂ ತಂದುಕೊಟ್ಟರೆ ಅಥವಾ 15 ದಿನಗಳೊಳಗೆ ಕೊಡುವುದಾಗಿ ಭದ್ರತೆ ಒದಗಿಸಿದರೆ, ಅವರನ್ನು ಉಳಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಆದ್ದರಿಂದ ತಿಂಗಳ ಬಾಡಿಗೆಯವರ ಮೇಲೆ 'ಬಾಕಿ ಉಳಿಸಿದ್ದಕ್ಕೆ ಮುಟ್ಟುಗೋಲು' ಎಂದು ಬರೆಯುವುದು ಇಲ್ಲದ ಬಾಗಿಲನ್ನು ನಾವೇ ತೆರೆದುಕೊಟ್ಟಂತೆ.

ಛಾಪಾ ಕಾಗದದ ಬೆಲೆ ಕಡಿಮೆಯಾಗಿದ್ದರೆ ಕರ್ನಾಟಕ ಮುದ್ರಾಂಕ ಅಧಿನಿಯಮ 1957ರ ಪ್ರಕಾರ ನ್ಯಾಯಾಲಯ ಆ ಪತ್ರವನ್ನು ತಡೆಹಿಡಿಯುತ್ತದೆ. ಕೊರತೆಯ ಶುಲ್ಕದ ಮೇಲೆ ಹತ್ತು ಪಟ್ಟು ದಂಡ ಕಟ್ಟುವವರೆಗೆ ಅದನ್ನು ಸಾಕ್ಷ್ಯವಾಗಿ ಗುರುತು ಹಾಕುವುದಿಲ್ಲ. ಸಾಕ್ಷ್ಯದ ದಿನ ಇದು ಬಯಲಾದರೆ ಹಲವು ವಾಯಿದೆಗಳು ಅದಕ್ಕೇ ಹೋಗುತ್ತವೆ. ದಾವೆ ಹಾಕುವ ಮುಂಚೆಯೇ ಲೆಕ್ಕ ಹಾಕಿಸಿ.

ಕರಾರಿನ ಕೊನೆಯ ಪುಟದಲ್ಲಿ ಮಧ್ಯಸ್ಥಿಕೆಯ ಷರತ್ತು, ಅಂದರೆ ವ್ಯಾಜ್ಯವನ್ನು ಆರ್ಬಿಟ್ರೇಟರಿಗೆ ಒಪ್ಪಿಸುತ್ತೇವೆ ಎಂಬ ಸಾಲು ಇದೆಯೇ ನೋಡಿ. ಸ್ವತ್ತು ವರ್ಗಾವಣೆ ಅಧಿನಿಯಮದಡಿಯ ಬಾಡಿಗೆ ವ್ಯಾಜ್ಯ ಅಲ್ಲಿಗೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಹೇಳಿದೆ. ಬಾಡಿಗೆ ಅಧಿನಿಯಮದ ವ್ಯಾಜ್ಯ ಹೋಗುವುದಿಲ್ಲ. ಅಂತರ್ಜಾಲದಿಂದ ಇಳಿಸಿಕೊಂಡ ನಮೂನೆಗಳಲ್ಲಿ ಈ ಸಾಲು ಯಾರಿಗೂ ಗೊತ್ತಾಗದೆ ಕೂತಿರುತ್ತದೆ.

ನೋಟಿಸು: ಅರ್ಧ ಕೇಸು ಇಲ್ಲೇ

106ರ ನೋಟಿಸಿನಲ್ಲಿ ಮೂರು ಮಾತು ನೇರವಾಗಿರಬೇಕು: ಬಾಡಿಗೆಯನ್ನು ಕೊನೆಗೊಳಿಸಿದ್ದೇವೆ, ಇಷ್ಟು ದಿನಗಳಲ್ಲಿ ಖಾಲಿ ಮಾಡಿ, ಇಷ್ಟು ಬಾಕಿ ಕೊಡಿ. "ಬಾಕಿ ಕೊಡಿ, ಇಲ್ಲವಾದರೆ ಮನೆ ಖಾಲಿ ಮಾಡಿಸಬೇಕಾಗುತ್ತದೆ" ಎಂದು ಬರೆದರೆ ಅದು ಬೆದರಿಕೆ. ಬಾಡಿಗೆ ಕೊನೆಗೊಳಿಸಿದ ಹಾಗಲ್ಲ. ತಾವೇ ಬರೆದ ನೋಟಿಸುಗಳು ಹೆಚ್ಚಾಗಿ ಬೀಳುವುದು ಈ ಒಂದು ವಾಕ್ಯದಲ್ಲಿ. ಮುಖ್ಯ ಭಾಗ ಹೀಗಿದ್ದರೆ ಸಾಕು:

"ಕೆಳಗಿನ ಅನುಸೂಚಿಯ ಮನೆಯಲ್ಲಿ ನೀವು ತಿಂಗಳಿಗೆ 18,000 ರೂ. ಬಾಡಿಗೆಯ ಮೇಲೆ ಇದ್ದೀರಿ. ಇಂಥ ತಿಂಗಳಿಂದ ಇಂಥ ತಿಂಗಳವರೆಗಿನ 7 ತಿಂಗಳ ಬಾಡಿಗೆ 1,26,000 ರೂ. ಬಾಕಿ ಇದೆ. ಸ್ವತ್ತು ವರ್ಗಾವಣೆ ಅಧಿನಿಯಮ 1882ರ ಕಲಂ 106ರಂತೆ ಈ ನೋಟಿಸಿನ ಮೂಲಕ ನಿಮ್ಮ ಬಾಡಿಗೆಯನ್ನು ಕೊನೆಗೊಳಿಸಿದ್ದೇವೆ. ನೋಟಿಸು ನಿಮಗೆ ತಲುಪಿದ ದಿನದಿಂದ 15 ದಿನಗಳು ಮುಗಿಯುತ್ತಲೇ ಮನೆಯನ್ನು ಖಾಲಿ ಮಾಡಿ ಸ್ವಾಧೀನ ಒಪ್ಪಿಸಿ, ಬಾಕಿ ಹಣವನ್ನೂ ಕೊಡಿ. ಆಮೇಲೂ ಉಳಿದುಕೊಂಡರೆ ತಿಂಗಳಿಗೆ 25,000 ರೂ. ದರದಲ್ಲಿ ನಷ್ಟ ಪರಿಹಾರಕ್ಕೆ ಹೊಣೆಯಾಗುತ್ತೀರಿ."

ಕರಾರಿನಲ್ಲಿ ಒಂದು ತಿಂಗಳೋ ಎರಡು ತಿಂಗಳೋ ನೋಟಿಸು ಎಂದು ಬರೆದಿದ್ದರೆ 15 ದಿನ ಸಾಲದು, ಕರಾರಿನ ಅವಧಿಯೇ ನಡೆಯುತ್ತದೆ. ಕೈಗಾರಿಕೆಗೆ ಕೊಟ್ಟ ಜಾಗವಾದರೆ ಆರು ತಿಂಗಳು ಬೇಕೆಂಬ ವಾದ ಬರಬಹುದು. ಬಾಡಿಗೆ ತಿಂಗಳು ಮುಗಿಯುವ ದಿನಕ್ಕೇ ನೋಟಿಸು ಮುಗಿಯಬೇಕೆಂಬ ಹಳೆಯ ಭಯ 2002ರ ಕೊನೆಯ ತಿದ್ದುಪಡಿಯ ನಂತರ ಹೋಯಿತು: ದಿನಗಳ ಲೆಕ್ಕ ತಲುಪಿದ ದಿನದಿಂದ ಶುರು, ನೋಟಿಸಿನಲ್ಲಿ ಅವಧಿ ಕಡಿಮೆ ಬರೆದಿದ್ದರೂ, ಕಾಯ್ದೆಯ ಅವಧಿ ಮುಗಿದ ಮೇಲೆ ದಾವೆ ಹಾಕಿದ್ದರೆ ಅಷ್ಟಕ್ಕೇ ನೋಟಿಸು ಕೆಡುವುದಿಲ್ಲ. ಅವಧಿ ಮುಗಿಯುವ ಮೊದಲೇ ಹಾಕಿದ ದಾವೆಗೆ ಈ ರಕ್ಷಣೆ ಇಲ್ಲ.

ಕಳಿಸುವ ಬಗೆ. ಬಾಡಿಗೆ ಮನೆಯ ವಿಳಾಸಕ್ಕೂ, ಕರಾರಿನಲ್ಲಿರುವ ಕಾಯಂ ವಿಳಾಸಕ್ಕೂ, ಗೊತ್ತಿದ್ದರೆ ಕಚೇರಿಗೂ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ವಿಲೀನವಾದ್ದರಿಂದ ಕೌಂಟರಿನಲ್ಲಿ ನೋಂದಣಿ ಸೇವೆಯನ್ನೂ ತಲುಪಿದ ಪುರಾವೆಯನ್ನೂ ಕೇಳಿ ಪಡೆಯಿರಿ. ಟ್ರ್ಯಾಕಿಂಗ್ ಪುಟವನ್ನು ಅವತ್ತೇ ಮುದ್ರಿಸಿಟ್ಟುಕೊಳ್ಳಿ; ಆರು ತಿಂಗಳು ಬಿಟ್ಟು ಹುಡುಕಿದರೆ ಸಿಗದೇ ಹೋಗಬಹುದು. 'ತೆಗೆದುಕೊಳ್ಳಲಿಲ್ಲ', 'ಮನೆ ಬಾಗಿಲು ಹಾಕಿತ್ತು' ಎಂಬ ಷರಾ ಹೊತ್ತು ಮರಳಿದ ಲಕೋಟೆಯನ್ನು ಒಡೆಯಬೇಡಿ. ಅದು ಸಾಕ್ಷ್ಯ, ಕೋರ್ಟಿನಲ್ಲೇ ಒಡೆಯುವುದು ವಾಡಿಕೆ. ಸರಿಯಾದ ವಿಳಾಸಕ್ಕೆ ಕಳಿಸಿದ್ದರೆ ತಲುಪಿದೆ ಎಂದು ಭಾವಿಸಲು ಕಾನೂನಿನಲ್ಲಿ ಅವಕಾಶವಿದೆ. ಕೈಗೆ ಕೊಡಲು ಸಾಧ್ಯವೇ ಆಗದಿದ್ದರೆ ಬಾಗಿಲಿಗೆ ಅಂಟಿಸಬಹುದು: ದಿನ, ಹೊತ್ತು ಕಾಣುವ ಫೋಟೊ, ಇಬ್ಬರು ಸಾಕ್ಷಿಗಳು. ಕರಾರು ಗಂಡನ ಹೆಸರಲ್ಲಿದ್ದು ಅವರು ತೀರಿಕೊಂಡಿದ್ದರೆ ಎಲ್ಲ ವಾರಸುದಾರರಿಗೂ ಕಳಿಸಿ.

ಬಾಡಿಗೆ ಅಧಿನಿಯಮದ ನೋಟಿಸು ಬೇರೆ ಜಾತಿಯದು. ಅಲ್ಲಿ ತಗಾದೆಯೇ ಮುಖ್ಯ: ತಿಂಗಳುವಾರು ಬಾಕಿ, ಎರಡು ತಿಂಗಳ ಗಡುವು. ಮೊತ್ತವನ್ನು ಉಬ್ಬಿಸಿ ಬರೆದರೆ ಆ ತಗಾದೆಯೇ ಸರಿಯಿಲ್ಲ ಎಂಬ ವಾದಕ್ಕೆ ದಾರಿಯಾಗುತ್ತದೆ.

ನೋಟಿಸಿನ ನಂತರ ಹಣ ಬಂದರೆ

ಇದು ಯುಪಿಐ ಕಾಲದ ಪೇಚು. ನೋಟಿಸು ತಲುಪಿದ ಮರುದಿನ 'ಬಾಡಿಗೆ' ಎಂದು ಬರೆದು ಬಾಡಿಗೆದಾರರು 18,000 ರೂ. ಹಾಕಿಬಿಡುತ್ತಾರೆ. ನೀವು ಬೇಡವೆಂದರೂ ಖಾತೆಗೆ ಜಮೆಯಾಗಿರುತ್ತದೆ. ಮುಂದೆ ಕೋರ್ಟಿನಲ್ಲಿ, ಬಾಡಿಗೆ ಪಡೆದಿದ್ದಾರೆ, ಆದ್ದರಿಂದ ನೋಟಿಸನ್ನು ಬಿಟ್ಟುಕೊಟ್ಟಿದ್ದಾರೆ ಎಂಬ ವಾದ. ಕಲಂ 113ರಲ್ಲಿ ಆ ಮಾತಿಗೆ ಎಡೆ ಇದೆ. ಹಣ ಪಡೆದ ಮಾತ್ರಕ್ಕೆ ನೋಟಿಸು ಬಿಟ್ಟುಕೊಟ್ಟಂತಲ್ಲ, ಬಾಡಿಗೆ ಮುಂದುವರಿಸುವ ಉದ್ದೇಶ ಕಾಣಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ ನಿಜ. ಆದರೂ ಅವತ್ತೇ ಒಂದು ಸಾಲು ಬರೆದು ಕಳಿಸಿ: "ಈ ಹಣವನ್ನು ಬಾಡಿಗೆಯಾಗಿ ಅಲ್ಲ, ಹಳೆಯ ಬಾಕಿಗೂ ಮನೆ ಬಳಸುತ್ತಿರುವುದರ ನಷ್ಟ ಪರಿಹಾರಕ್ಕೂ ಜಮೆ ಮಾಡಿಕೊಂಡಿದ್ದೇವೆ, ನೋಟಿಸು ಹಾಗೆಯೇ ನಿಂತಿದೆ." ರಸೀದಿ ಕೊಡುವುದಾದರೆ 'ಬಾಡಿಗೆ' ಎಂಬ ಪದ ಬೇಡ. ನೋಟಿಸಿನ ನಂತರ ಬಾಡಿಗೆ ಏರಿಸಿ ಹೊಸ ಮಾತುಕತೆ ಮಾಡಿದರೆ ಮಾತ್ರ ಹಳೆಯ ನೋಟಿಸನ್ನು ಮರೆಯುವುದೇ ವಾಸಿ, ಹೊಸದು ಕೊಡಿ.

ದಾವೆ: ಎಲ್ಲಿ, ಎಷ್ಟು ಶುಲ್ಕ, ಏನೇನು ಕಾಗದ

ಬೆಂಗಳೂರಿನಲ್ಲಿ ಬಾಡಿಗೆ ಅಧಿನಿಯಮದ ಅರ್ಜಿಗಳು ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಹೋಗುತ್ತವೆ. 106ರಂತೆ ಕೊನೆಗೊಳಿಸಿದ ಬಾಡಿಗೆಯ ದಾವೆಯೂ, ಮೊತ್ತ ಆ ನ್ಯಾಯಾಲಯದ ಮಿತಿಯೊಳಗಿದ್ದು, ಬಾಡಿಗೆ ಮುಗಿಯಿತೇ ಎಂಬುದೊಂದೇ ಮುಖ್ಯ ವಿವಾದವಾಗಿದ್ದರೆ ಅಲ್ಲೇ ನಡೆಯುತ್ತದೆ. ಮೊತ್ತ ಮೀರಿದರೆ ಅಥವಾ ಒಡೆತನದ ಗಂಭೀರ ವಿವಾದವಿದ್ದರೆ ಸಿವಿಲ್ ನ್ಯಾಯಾಲಯ. ತಪ್ಪು ಕಡೆ ಹಾಕಿದರೆ ವಾದಪತ್ರ ವಾಪಸು ಬರುತ್ತದೆ. ಅಷ್ಟರಲ್ಲಿ ಒಂದು ವರ್ಷ ಕಳೆದಿರಬಹುದು. ಲಘು ವ್ಯವಹಾರಗಳ ನ್ಯಾಯಾಲಯದ ತೀರ್ಪಿಗೆ ಮಾಮೂಲಿ ಮೇಲ್ಮನವಿ ಇಲ್ಲ, ರಿವಿಷನ್ (ತೀರ್ಪು ಕಾನೂನಿನಂತಿದೆಯೇ ಎಂಬ ಪರಿಶೀಲನೆ) ಮಾತ್ರ. ಅದು ಮಾಲೀಕರಿಗೆ ಲಾಭ.

ಶುಲ್ಕದ ಬಗ್ಗೆ ವೃಥಾ ಭಯವಿದೆ. ಕೋಟಿ ಬೆಲೆಯ ಮನೆಗೆ ಕೋಟಿಯ ಮೇಲೆ ಶುಲ್ಕ ಕಟ್ಟಬೇಕಿಲ್ಲ. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಅಧಿನಿಯಮದ ಕಲಂ 41ರಂತೆ ಬಾಡಿಗೆದಾರರಿಂದ ಸ್ವಾಧೀನ ಕೇಳುವ ದಾವೆಗೆ ಹಿಂದಿನ ಒಂದು ವರ್ಷದ ಬಾಡಿಗೆಯೇ ಬೆಲೆ. ಮೇಲಿನ ಉದಾಹರಣೆಯಲ್ಲಿ ಸ್ವಾಧೀನಕ್ಕೆ 2,16,000 ರೂ., ಬಾಕಿಗೆ 1,26,000 ರೂ.; ಇವುಗಳ ಮೇಲೆ ಶುಲ್ಕ.

ಬಾಕಿಯನ್ನೂ ಮುಂದಿನ ನಷ್ಟ ಪರಿಹಾರವನ್ನೂ ಇದೇ ದಾವೆಯಲ್ಲಿ ಸೇರಿಸಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 2 ನಿಯಮ 4 ಅದಕ್ಕೆ ಅವಕಾಶ ಕೊಡುತ್ತದೆ (ಮುಂದೆ ಬರುವ ಆದೇಶ, ನಿಯಮಗಳೂ ಅದರವೇ). ಬಾಕಿ ಬಾಡಿಗೆ ಕೇಳಲು ಕಾಲಮಿತಿ ಪ್ರತಿ ತಿಂಗಳ ಬಾಡಿಗೆ ಸಲ್ಲಬೇಕಾದ ದಿನದಿಂದ ಮೂರು ವರ್ಷ. ಸ್ವಾಧೀನಕ್ಕೆ ಬಾಡಿಗೆ ಕೊನೆಗೊಂಡ ದಿನದಿಂದ 12 ವರ್ಷ. ಹೋಗಲಿ ಬಿಡು ಎಂದು ನಾಲ್ಕು ವರ್ಷ ಸುಮ್ಮನಿದ್ದವರಿಗೆ ಮನೆ ಸಿಗುತ್ತದೆ, ಮೊದಲ ವರ್ಷದ ಹಣ ಹೋಗುತ್ತದೆ.

ಕಡತದಲ್ಲಿ ಇರಬೇಕಾದವು: ಕ್ರಯಪತ್ರ ಅಥವಾ ಖಾತೆ, ಕಂದಾಯ ರಸೀದಿ, ಕರಾರಿನ ಮೂಲ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಪುಟಗಳು, ನೋಟಿಸಿನ ಕಚೇರಿ ಪ್ರತಿ, ಅಂಚೆ ರಸೀದಿ, ಸ್ವೀಕೃತಿ ಅಥವಾ ಮರಳಿದ ಲಕೋಟೆ, ಬಂದಿದ್ದರೆ ಉತ್ತರ ನೋಟಿಸು. ಅನುಸೂಚಿಯಲ್ಲಿ ನಾಲ್ಕೂ ದಿಕ್ಕಿನ ಚೆಕ್ಕುಬಂದಿ, ಯಾವ ಮಹಡಿ, ಎಷ್ಟು ಕೋಣೆ, ಕಾರು ನಿಲ್ಲಿಸುವ ಜಾಗ ಸೇರಿದೆಯೇ ಎಲ್ಲ ಬರೆಯಿರಿ. ಇಲ್ಲಿ ಸೋಮಾರಿತನ ಮಾಡಿದರೆ ಮೂರು ವರ್ಷದ ನಂತರ ಡಿಕ್ರಿ ಜಾರಿ ಮಾಡಲು ಬರುವ ಕೋರ್ಟಿನ ನೌಕರ, ಅಂದರೆ ಅಮೀನರು, ಬಾಗಿಲಲ್ಲಿ ನಿಂತಾಗ "ಡಿಕ್ರಿಯಲ್ಲಿರುವ ಮನೆ ಇದಲ್ಲ" ಎಂಬ ಮಾತು ಕೇಳಬೇಕಾಗುತ್ತದೆ. ವಾಟ್ಸ್ಆಪ್ ಸಂದೇಶಗಳನ್ನು ನೆಚ್ಚಿಕೊಂಡಿದ್ದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರ ಪ್ರಮಾಣಪತ್ರ ಬೇಕು. ಬರೀ ಸ್ಕ್ರೀನ್‌ಶಾಟಿನ ಮುದ್ರಿತ ಪ್ರತಿ ಸಾಲದು.

ಲೆಕ್ಕ ಪಟ್ಟಿಯಲ್ಲಿ ಬಾಡಿಗೆದಾರರು ಟಿಡಿಎಸ್ ಎಂದು ಹಿಡಿದು ಸರ್ಕಾರಕ್ಕೆ ಕಟ್ಟಿದ ಹಣವನ್ನು ಬಾಕಿಯೆಂದು ತೋರಿಸಬೇಡಿ. ಮುಂಗಡವನ್ನು ಮುಚ್ಚಿಡಬೇಡಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಪದ್ಧತಿಯಲ್ಲಿ, ಏಳು ತಿಂಗಳ ಬಾಕಿಗಿಂತ ಹೆಚ್ಚು ಹಣ ಮಾಲೀಕರ ಕೈಯಲ್ಲೇ ಇದೆ ಎಂಬುದು ಬಾಡಿಗೆದಾರರ ಮೊದಲ ಬಾಣ. ಬಾಡಿಗೆ ಅಧಿನಿಯಮದ ಕೇಸಿನಲ್ಲಿ ಅದು ನಿಜಕ್ಕೂ ನಾಟಬಹುದು. 106ರ ದಾವೆಯಲ್ಲಿ ಸ್ವಾಧೀನದ ಪ್ರಶ್ನೆಗೆ ಅದು ತಾಗುವುದಿಲ್ಲ, ಹಣದ ಲೆಕ್ಕಕ್ಕೆ ಮಾತ್ರ.

ವಿದೇಶದಲ್ಲಿರುವ ಮಾಲೀಕರು ಅಪ್ಪನಿಗೋ ತಮ್ಮನಿಗೋ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಕೊಡುತ್ತಾರೆ. ಹೊರದೇಶದಲ್ಲಿ ಬರೆದ ಪತ್ರಕ್ಕೆ ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಜಿಪಿಎ ಹೊಂದಿದವರು ತಮಗೆ ಸ್ವತಃ ಗೊತ್ತಿರುವುದಕ್ಕೆ ಮಾತ್ರ ಸಾಕ್ಷಿ ಹೇಳಬಲ್ಲರು. ಕರಾರಿನ ಮಾತುಕತೆ ಫೋನಿನಲ್ಲಿ ಮಾಲೀಕರೇ ಮಾಡಿದ್ದರೆ ಅವರೇ ಸಾಕ್ಷಿಗೆ ಸಿದ್ಧರಿರಬೇಕು.

ವಿಚಾರಣೆಯಲ್ಲಿ

ಸಮನ್ಸ್ ತಲುಪಿದ 30 ದಿನಗಳಲ್ಲಿ ಪ್ರತಿವಾದಿ ಲಿಖಿತ ಹೇಳಿಕೆ ಕೊಡಬೇಕು. ಕಾರಣ ಕೊಟ್ಟರೆ 90 ದಿನಗಳವರೆಗೆ. ಅದು ಬಂದೊಡನೆ ಅದರಲ್ಲಿ ಏನನ್ನು ಒಪ್ಪಿದ್ದಾರೆ ಎಂದು ಹುಡುಕಿ. ಬಾಡಿಗೆದಾರರೆಂಬುದು, ಬಾಡಿಗೆ ಎಷ್ಟೆಂಬುದು, ನೋಟಿಸು ತಲುಪಿತೆಂಬುದು ಮೂರನ್ನೂ ಒಪ್ಪಿದ್ದರೆ ಆದೇಶ 12 ನಿಯಮ 6ರಂತೆ ಸಾಕ್ಷ್ಯವಿಲ್ಲದೆಯೇ ಸ್ವಾಧೀನದ ತೀರ್ಪು ಕೇಳಬಹುದು. ಎಷ್ಟೋ ಕಡತಗಳಲ್ಲಿ ಈ ಅರ್ಜಿ ಹಾಕುವುದೇ ಇಲ್ಲ. ಒಪ್ಪಿಕೊಂಡ ಬಾಡಿಗೆಯನ್ನು ಪ್ರತಿ ತಿಂಗಳೂ ಠೇವಣಿ ಇಡಿಸಲು ಆದೇಶ 39 ನಿಯಮ 10ರ ಅರ್ಜಿ ಇದೆ. ಬಾಡಿಗೆ ಅಧಿನಿಯಮದಲ್ಲಿ ಕಲಂ 45 ಇನ್ನೂ ಬಲವಾದದ್ದು: ಠೇವಣಿ ಇಡದ ಬಾಡಿಗೆದಾರರು ತಕ್ಕ ಕಾರಣ ತೋರಿಸದಿದ್ದರೆ ವಿಚಾರಣೆ ನಿಲ್ಲಿಸಿ ಸ್ವಾಧೀನದ ಆದೇಶ ಮಾಡಬಹುದು.

ಎದುರಾಗುವ ತಕರಾರುಗಳು ಹೆಚ್ಚುಕಡಿಮೆ ಅವೇ. ನಗದಾಗಿ ಕೊಟ್ಟೆ, ರಸೀದಿ ಕೊಡಲಿಲ್ಲ ಎನ್ನುವುದಕ್ಕೆ ಬ್ಯಾಂಕಿನ ಹಿಂದಿನ ಜಮೆಗಳೇ ಉತ್ತರ. ಇವರು ಮಾಲೀಕರೇ ಅಲ್ಲ ಎಂದರೆ, ಯಾರಿಂದ ಬಾಡಿಗೆಗೆ ಪಡೆದರೋ ಅವರ ಒಡೆತನವನ್ನು ಬಾಡಿಗೆಯಲ್ಲಿರುವಾಗ ಅಲ್ಲಗಳೆಯುವಂತಿಲ್ಲ. ಸಾಕ್ಷ್ಯ ಅಧಿನಿಯಮದ ಕಲಂ 122. ಮನೆ ಮಾರುವುದಾಗಿ ಒಪ್ಪಂದ ಮಾಡಿಕೊಂಡಿದ್ದರು ಎಂದರೆ, 2001ರ ಸೆಪ್ಟೆಂಬರ್ 24ರ ನಂತರ ನೋಂದಣಿಯಾಗದ ಒಪ್ಪಂದ ಕೊಳ್ಳುವವರ ಸ್ವಾಧೀನಕ್ಕೆ ಸ್ವತ್ತು ವರ್ಗಾವಣೆ ಅಧಿನಿಯಮದ ಕಲಂ 53ಎಯ ರಕ್ಷಣೆ ಕೊಡುವುದಿಲ್ಲ. ಪಾಟಿ ಸವಾಲಿನಲ್ಲಿ ಮಾಲೀಕರು ಎಡವುವುದು ಬಹುತೇಕ ಲೆಕ್ಕದಲ್ಲಿ: ನೋಟಿಸಿನಲ್ಲಿ ಏಳು ತಿಂಗಳು, ವಾದಪತ್ರದಲ್ಲಿ ಎಂಟು, ಬಾಯಲ್ಲಿ ಒಂಬತ್ತು. ಒಂದೇ ಪಟ್ಟಿ ಮಾಡಿ, ಎಲ್ಲೆಡೆ ಅದನ್ನೇ ಬಳಸಿ.

ರಾಜಿಯ ಮಾತು ಬಂದರೆ ತಳ್ಳಿಹಾಕಬೇಡಿ. ಬಾಕಿಯಲ್ಲಿ ಸ್ವಲ್ಪ ಬಿಟ್ಟು ನಾಲ್ಕು ತಿಂಗಳಲ್ಲಿ ಮನೆ ಸಿಗುವುದಾದರೆ ಲೆಕ್ಕ ಹಾಕಿ ನೋಡಿ. ಆದರೆ ಬಾಯಿಮಾತಿಗೆ ದಾವೆ ಹಿಂತೆಗೆಯಬೇಡಿ. ಖಾಲಿ ಮಾಡುವ ದಿನಾಂಕ ಬರೆದ ರಾಜಿ ಡಿಕ್ರಿ ಪಡೆಯಿರಿ; ತಪ್ಪಿದರೆ ನೇರ ಜಾರಿಗೆ ಹೋಗಬಹುದು. ಲೋಕ ಅದಾಲತ್ತಿನಲ್ಲಿ ಮುಗಿದರೆ ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳುತ್ತದೆ.

ಬೀಗ ಹಾಕುವ ಯೋಚನೆ ಬಂದರೆ

ಕಾನೂನನ್ನು ಸ್ವಂತ ಕೈಗೆ ತೆಗೆದುಕೊಂಡು ಬೀಗ ಹಾಕಿ, ನೀರು ನಿಲ್ಲಿಸಿ, ಫ್ಯೂಸ್ ಕಿತ್ತುಹಾಕಿ ಹೊರಗಟ್ಟಿದರೆ ಬಾಡಿಗೆದಾರರು ನಿರ್ದಿಷ್ಟ ಪರಿಹಾರ ಅಧಿನಿಯಮ 1963ರ ಕಲಂ 6ರಂತೆ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ಮರಳಿ ಪಡೆಯಬಹುದು. ನೀವೇ ಮಾಲೀಕರೆಂಬುದು ಆ ದಾವೆಯಲ್ಲಿ ಉತ್ತರವೇ ಅಲ್ಲ. ಪೊಲೀಸರಿಗೆ ಮನೆ ಖಾಲಿ ಮಾಡಿಸುವ ಅಧಿಕಾರವಿಲ್ಲ.

ಡಿಕ್ರಿಯಿಂದ ಬೀಗದ ಕೈವರೆಗೆ

ತೀರ್ಪು ಸಾಮಾನ್ಯವಾಗಿ ಖಾಲಿ ಮಾಡಲು ಕೆಲವು ತಿಂಗಳ ಕಾಲ ಕೊಡುತ್ತದೆ. ತೀರ್ಪು ಬಂದ ವಾರದಲ್ಲೇ ಮೇಲಿನ ನ್ಯಾಯಾಲಯದಲ್ಲಿ ಕೇವಿಯಟ್, ಅಂದರೆ ನಮಗೆ ತಿಳಿಸದೆ ಆದೇಶ ಮಾಡಬೇಡಿ ಎಂಬ ಅರ್ಜಿ, ಹಾಕಿ. ಅದರ ಆಯಸ್ಸು 90 ದಿನ, ಮರೆಯದೆ ನವೀಕರಿಸಿ. ತಡೆಯಾಜ್ಞೆ ಕೇಳಿದರೆ, ಡಿಕ್ರಿಯ ದಿನದಿಂದ ಮಾರುಕಟ್ಟೆ ದರದ ಬಾಡಿಗೆ ಕಟ್ಟಲಿ ಎಂಬ ಷರತ್ತು ಹಾಕಿಸಿ. ಅಂಥ ಷರತ್ತು ಹಾಕಬಹುದೆಂಬುದು ಸುಪ್ರೀಂ ಕೋರ್ಟಿನ 2004ರ ಕೊನೆಯ ತೀರ್ಪಿನಿಂದ ಗಟ್ಟಿಯಾಗಿದೆ. ಸುತ್ತಲಿನ ಮನೆಗಳ ಎರಡು ಮೂರು ಬಾಡಿಗೆ ಕರಾರಿನ ಪ್ರತಿ ಕೈಯಲ್ಲಿದ್ದರೆ ಅನುಕೂಲ.

ಗಡುವು ಮೀರಿದರೆ ಆದೇಶ 21 ನಿಯಮ 11ರಂತೆ ಅಮಲ್ಜಾರಿ ಅರ್ಜಿ. ಡಿಕ್ರಿಯಾಗಿ ಎರಡು ವರ್ಷ ದಾಟಿದ್ದರೆ ಮೊದಲು ನೋಟಿಸು ಹೋಗಬೇಕು, ಆದ್ದರಿಂದ ತಡ ಬೇಡ. ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲಿನಲ್ಲಿ, ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ನಿರ್ದೇಶಿಸಿದೆ. ವಾಯಿದೆ ಬೆಳೆಯುತ್ತಿದ್ದರೆ ಅದನ್ನು ಎತ್ತಿ ತೋರಿಸಿ. ನಿಯಮ 35ರಂತೆ ಸ್ವಾಧೀನದ ವಾರಂಟ್ ಹೊರಡುತ್ತದೆ. ಬೀಗ ಹಾಕಿದ್ದರೆ ಒಡೆಯಲು, ಅಡ್ಡಿಯ ಶಂಕೆ ಇದ್ದರೆ ಪೊಲೀಸ್ ರಕ್ಷಣೆಗೆ ಪ್ರತ್ಯೇಕ ಅರ್ಜಿಗಳನ್ನು ಮೊದಲೇ ಹಾಕಿರಿ. ಇಲ್ಲವಾದರೆ ಅಮೀನರು 'ಬಾಗಿಲು ಬೀಗ' ಎಂದು ಷರಾ ಬರೆದು ಮರಳುತ್ತಾರೆ. ಒಳಗೆ ಬೇರೆ ಯಾರೋ ಇದ್ದು ಬಿಡುವುದಿಲ್ಲವೆಂದರೆ ಹೊಸ ದಾವೆ ಬೇಡ, ಅದೇ ನ್ಯಾಯಾಲಯದಲ್ಲಿ ನಿಯಮ 97ರ ಅರ್ಜಿ.

ಆ ದಿನ ಬೀಗ ರಿಪೇರಿಯವರು, ಇಬ್ಬರು ಪಂಚರು, ಸಾಮಾನು ಎತ್ತಲು ಆಳುಗಳು, ಚೆಕ್ಕುಬಂದಿಯ ಪ್ರತಿ ಜೊತೆಗಿರಲಿ. ಉಳಿದ ಸಾಮಾನಿನ ಪಟ್ಟಿಯನ್ನು ಪಂಚನಾಮೆಯಲ್ಲಿ ಸೇರಿಸಿಸಿ, ಕೋಣೆಕೋಣೆಯ ವಿಡಿಯೊ ಮಾಡಿ. ಬೀರುವಿನಲ್ಲಿ ಒಡವೆ ಇತ್ತೆಂಬ ಮಾತು ವಾರದ ನಂತರ ಹುಟ್ಟುತ್ತದೆ. ವಿದ್ಯುತ್ ಮೀಟರಿನ ರೀಡಿಂಗ್ ಬರೆದುಕೊಳ್ಳಿ, ಬೀಗ ಬದಲಿಸಿ, ಸ್ವಾಧೀನ ಪಡೆದ ರಸೀದಿಗೆ ಸಹಿ ಹಾಕಿ. ಮುಂಗಡದಲ್ಲಿ ಡಿಕ್ರಿಯ ಬಾಕಿ, ನಷ್ಟ ಪರಿಹಾರ, ಕರೆಂಟು ಬಿಲ್ಲು ಕಳೆದು ಏನಾದರೂ ಉಳಿದಿದ್ದರೆ ನ್ಯಾಯಾಲಯದಲ್ಲೇ ಠೇವಣಿ ಇಟ್ಟು ಲೆಕ್ಕದ ಪಟ್ಟಿ ಸಲ್ಲಿಸಿ. ಕಡಿಮೆ ಬಿದ್ದರೆ ಅದೇ ಡಿಕ್ರಿಯ ಮೇಲೆ ಸಂಬಳವನ್ನೋ ಬ್ಯಾಂಕ್ ಖಾತೆಯನ್ನೋ ಜಪ್ತಿ ಕೇಳಲು ಇನ್ನೂ ದಾರಿ ಇದೆ.